ಬಟ್ಟೆ ಅಂಗಡಿ ಕೆಲಸ ಬಿಟ್ಟಿದ್ದಕ್ಕೆ ಕೊನೇ ತಿಂಗಳ ಸಂಬಳ ಕೊಡ್ತಿಲ್ಲ, ಮಾರ್ಕ್ಸ್ ಕಾರ್ಡೂ ಇಟ್ಕೊಂಡಿದಾರೆ. ಏನು ಮಾಡಬಹುದು?

ಬೆಣ್ಣೆದೋಸೆ ಊರಿನವಳು:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ವಿಷಯ ಇದು. ಇಲ್ಲೇ ದಾವಣಗೆರೆಯ ಒಂದು ಬಟ್ಟೆ ಅಂಗಡೀಲಿ, ಸೀರೆ ಕೌಂಟರ್‌ನಲ್ಲಿ ಎರಡು ವರ್ಷದ ಮೇಲೆ ಕೆಲಸ ಮಾಡಿದಾಳೆ. ಬೆಳಿಗ್ಗೆ ಒಂಬತ್ತೂವರೆಗೆ ಹೋದ್ರೆ ರಾತ್ರಿ ಒಂಬತ್ತೂವರೆ. ಮದುವೆ ಸೀಸನ್, ದೀಪಾವಳಿ ಬಂದ್ರೆ ಹತ್ತೂವರೆ. ಸಂಬಳ 9,000, ಕೈಗೇ ನಗದು. ಒಂದು ದಿನ ರಜೆ ಹಾಕಿದ್ರೆ ಎರಡು ದಿನದ್ದು ಕಟ್. ಹತ್ತು ನಿಮಿಷ ತಡ ಆದ್ರೆ 50 ರೂಪಾಯಿ ದಂಡ. ಪೇ ಸ್ಲಿಪ್ ಇಲ್ಲ, ಆರ್ಡರ್ ಕಾಪಿ ಇಲ್ಲ, ಪಿಎಫ್ ಇಲ್ಲ.

ಈಚೆಗೆ ಸ್ಟಾಕ್ ಲೆಕ್ಕದಲ್ಲಿ ಒಂದು ರೇಷ್ಮೆ ಸೀರೆ ಸಿಗಲಿಲ್ಲ ಅಂತ ಕೌಂಟರ್‌ನ ಮೂರೂ ಹುಡುಗೀರ ಸಂಬಳದಲ್ಲಿ ತಲಾ 1,500 ಹಿಡಿದರು. ಯಾರನ್ನೂ ಕರೆದು ಕೇಳಲೂ ಇಲ್ಲ. ಕಳ್ಳಿ ಅನ್ನಿಸಿಕೊಂಡು ಇರಲ್ಲ ಅಂತ ಇವಳು ಬಿಟ್ಟು ಬಂದಳು. ಈಗ ಕೊನೇ ತಿಂಗಳ ಸಂಬಳ ಕೇಳಿದ್ರೆ "ನೋಟಿಸ್ ಕೊಡದೆ ಹೋಗಿದೀಯ, ಸಂಬಳ ಇಲ್ಲ" ಅಂತಾರೆ. ಸೇರುವಾಗ ಇಸ್ಕೊಂಡ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇನ್ನೂ ಅವರ ಹತ್ರಾನೇ ಇದೆ. ಅಪ್ಪ "ದೊಡ್ಡೋರ ಸಹವಾಸ ಬೇಡ, ಬಿಟ್ಟಾಕಿ" ಅಂತಿದಾರೆ. ನಂಗೆ ಬಿಡೋಕೆ ಮನಸ್ಸಿಲ್ಲ. ಎಲ್ಲಿಗೆ ಹೋಗಬೇಕು, ಏನು ಕೇಳಬೇಕು, ತಿಳಿದವರು ಹೇಳಿ.

ಹುಬ್ಬಳ್ಳಿ ಮಂದಿ:
ಬಿಡಬ್ಯಾಡ್ರಿ ಅಕ್ಕಾರ. ನಮ್ಮ ಹುಬ್ಬಳ್ಳ್ಯಾಗೂ ಇದ ಕಥಿ.

ಲಾ ಓದ್ತಿರೋನು:
ಮೊದಲನೇದಾಗಿ 9,000 ಸಂಬಳವೇ ಕಾನೂನಿಗೆ ವಿರುದ್ಧ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ರಾಜ್ಯ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ. ಮೂಲ ವೇತನಕ್ಕೆ ತುಟ್ಟಿಭತ್ಯೆ ಸೇರಿ, ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆ ಆಗುತ್ತೆ. ಯಾವ ವಲಯದಲ್ಲಿ ನೋಡಿದ್ರೂ 9,000 ಅದರ ಹತ್ರಕ್ಕೂ ಬರಲ್ಲ. ಕಾರ್ಮಿಕ ಇಲಾಖೆ ವೆಬ್‌ಸೈಟಿನಲ್ಲಿ ಆಯಾ ವರ್ಷದ ಪಟ್ಟಿ ಸಿಗುತ್ತೆ, ನಿಮ್ಮ ಊರು ಯಾವ ವಲಯ ಅಂತ ನೋಡಿ ವ್ಯತ್ಯಾಸ ಲೆಕ್ಕ ಹಾಕಿಕೊಳ್ಳಿ. ಕೊನೇ ತಿಂಗಳ ಸಂಬಳಕ್ಕಿಂತ ಈ ಬಾಕಿ ಎಷ್ಟೋ ಪಟ್ಟು ದೊಡ್ಡದು.

ಎರಡನೇದು, "ಒಪ್ಪಿಕೊಂಡೇ ಸೇರಿದಾಳಲ್ಲ" ಅಂತ ಅವರು ಹೇಳ್ತಾರೆ. ಆ ಮಾತು ನಡೆಯಲ್ಲ. ಏಷ್ಯನ್ ಗೇಮ್ಸ್ ಕಾಮಗಾರಿ ಕೂಲಿಗಳ ಕೇಸಿನಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳೋದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ. ಹಸಿವಿಗೆ ಒಪ್ಪಿದ್ದನ್ನ ಒಪ್ಪಿಗೆ ಅನ್ನೋಕಾಗಲ್ಲ.

ಮಳೆನಾಡು:
ಪಿಎಫ್ ಕೂಡ ಕೇಳಿ. ಎಲ್ಲರಿಗೂ ಕಡ್ಡಾಯ ಅದು.

ಅಕೌಂಟ್ಸ್ ಮೇಷ್ಟ್ರು:
@ಮಳೆನಾಡು ಎಲ್ಲರಿಗೂ ಅಲ್ಲ. ಪಿಎಫ್‌ಗೆ 20 ಜನ ಇರಬೇಕು. ಇಎಸ್‌ಐಗೆ, ಅಂದ್ರೆ ಕೆಲಸಗಾರರ ಆರೋಗ್ಯ ವಿಮೆಗೆ, 10 ಜನ ಸಾಕು, ಸಂಬಳ 21,000ದ ಒಳಗಿರಬೇಕು. ಇಎಸ್‌ಐನಲ್ಲಿ ಕೆಲಸಗಾರರ ಪಾಲು 0.75%, ಮಾಲೀಕರದು 3.25%. ಅಂಗಡೀಲಿ ಒಟ್ಟು ಎಷ್ಟು ಜನ ಇದ್ದಾರೆ ಮೇಡಂ?

ಬೆಣ್ಣೆದೋಸೆ ಊರಿನವಳು:
ಈ ಅಂಗಡೀಲಿ ಹದಿನಾಲ್ಕು ಜನ. ಅದೇ ಮಾಲೀಕರದು, ಅದೇ ಹೆಸರಲ್ಲಿ ಇನ್ನೊಂದು ಬ್ರಾಂಚ್ ಇದೆ. ಅಲ್ಲೂ ಹತ್ತು ಹನ್ನೆರಡು ಜನ ಇರಬಹುದು.

ಅಕೌಂಟ್ಸ್ ಮೇಷ್ಟ್ರು:
ಹಾಗಾದ್ರೆ ಪಿಎಫ್ ಕೂಡ ಬರುತ್ತೆ! ಒಂದೇ ಸಂಸ್ಥೆಯ ಶಾಖೆಗಳನ್ನ ಬೇರೆ ಬೇರೆ ಎಣಿಸಲ್ಲ, ಎಲ್ಲ ಸೇರಿಸಿ ಲೆಕ್ಕ. ದಿನಗೂಲಿಯವರು, ಹೆಲ್ಪರ್‌ಗಳು, ಪ್ಯಾಕಿಂಗ್ ಹುಡುಗರು ಎಲ್ಲರೂ ಲೆಕ್ಕಕ್ಕೆ. 20 ದಾಟಬಾರದು ಅಂತಲೇ ಬ್ರಾಂಚ್ ಬ್ರಾಂಚ್‌ಗೂ ಬೇರೆ ಬೇರೆ ಹಾಜರಿ ಪುಸ್ತಕ ಇಡೋರನ್ನ ನೋಡಿದೀನಿ. ಪಿಎಫ್ ಕಚೇರಿಗೆ ಬೇರೆಯಾಗಿ ಒಂದು ದೂರು ಬರೀರಿ, ಇದು ಕಾರ್ಮಿಕ ಇಲಾಖೆ ಕೈಯಲ್ಲಿಲ್ಲ.

ಹುಬ್ಬಳ್ಳಿ ಮಂದಿ:
ನಮ್ಮ ಅಕ್ಕನ ಮಗಳೂ ಸೀರಿ ಅಂಗಡ್ಯಾಗ ಇದ್ಲು ರೀ. ಕುಂದರಾಕ ಒಂದ ಸ್ಟೂಲ್ ಸೈತ ಇಲ್ಲ. ಗಿರಾಕಿ ಇಲ್ಲದಾಗೂ ನಿಂತ ಇರಬೇಕು, ಗ್ವಾಡಿಗೆ ಆತುಕೊಂಡ್ರ ಕ್ಯಾಮೆರಾದಾಗ ನೋಡಿ ಫೋನ್ ಮಾಡ್ತಿದ್ರು. ಒಬ್ಬ ಗಿರಾಕಿಗೆ ಐವತ್ತ ಸೀರಿ ಬಿಚ್ಚಿ ತೋರಸೋದು, ಅವರು ಎದ್ದು ಹ್ವಾದ ಮ್ಯಾಲ ಅಂಚಿಗೆ ಅಂಚು ಕೂಡಿಸಿ ಮತ್ತ ಮಡಚಿ ಇಡೋದು. ರಾತ್ರಿ ಮನಿಗೆ ಬಂದ್ರ ಕಾಲು ಊದಿ ಚಪ್ಪಲಿ ಪಟ್ಟಿ ಗುರುತು ಮೂಡಿರ್ತಿತ್ತು. ಅಕಿ ಅವ್ವ ಬಿಸಿ ನೀರಾಗ ಉಪ್ಪು ಹಾಕಿ ಕಾಲು ಇಡಸ್ತಿದ್ಲು. ಇದಕ್ಕ ಕಾಯ್ದೆ ಇಲ್ಲೇನ್ರಿ?

ಕುಡ್ಲದವ:
ಕೇರಳದಲ್ಲಿ ಉಂಟು ಮಾರಾಯ್ರೆ. ಕೋಝಿಕ್ಕೋಡಿನ ಮಿಠಾಯಿ ತೆರುವು ಅನ್ನುವ ಪೇಟೆ ಬೀದಿಯ ಅಂಗಡಿ ಹೆಂಗಸರೇ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದ್ದು. ಮೊದಲು ಶೌಚಾಲಯ ಬೇಕು ಅಂತ, ಆಮೇಲೆ ಕೂರುವ ಹಕ್ಕು ಬೇಕು ಅಂತ. 2018ರಲ್ಲಿ ಅಲ್ಲಿನ ಸರಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕುರ್ಚಿ ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಮಾಡಿತು. ನಮ್ಮಲ್ಲೂ ಇಂಥದ್ದೇ ಸ್ಪಷ್ಟ ಕಲಂ ಬೇಕು. ಗಡಿ ದಾಟಿ ಕಾಸರಗೋಡಿಗೆ ಹೋದರೆ ಕೂರಬಹುದು, ಈಚೆ ತಲಪಾಡಿಯಲ್ಲಿ ನಿಲ್ಲಬೇಕು ಅಂದರೆ ಏನರ್ಥ?

ನಿವೃತ್ತ ನಿರೀಕ್ಷಕ:
ಕಾರ್ಮಿಕ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ತಂಗಿಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಸತತ 5 ಗಂಟೆ ಆದ ಮೇಲೆ ಒಂದು ಗಂಟೆ ಬಿಡುವು. ಬಿಡುವೂ ಸೇರಿ ಒಳಗೆ ಹೋದ ಹೊತ್ತಿನಿಂದ ಹೊರಗೆ ಬರುವ ಹೊತ್ತಿಗೆ 12 ಗಂಟೆ ಮೀರಬಾರದು. ಹತ್ತೂವರೆವರೆಗೆ ನಿಲ್ಲಿಸಿಕೊಂಡ ದಿನಗಳಲ್ಲಿ ಅದೂ ಮೀರಿದೆ. ಹೆಚ್ಚುವರಿ ಗಂಟೆಗೆ ಎರಡರಷ್ಟು ದರ ಕೊಡಬೇಕು. ವಾರಕ್ಕೊಂದು ರಜೆ ಬೇಕು. ನೇಮಕಾತಿ ಆದೇಶ ಬರಹದಲ್ಲಿ ಕೊಡುವುದು ಮಾಲೀಕರ ಹೊಣೆ.

ಇನ್ನು ಕಡಿತ. ಒಂದು ದಿನ ಗೈರಾದರೆ ಒಂದು ದಿನದ ಸಂಬಳ ಮಾತ್ರ ಹಿಡಿಯಬಹುದು, ಎರಡು ದಿನದ್ದು ಹಿಡಿಯುವಂತಿಲ್ಲ. ದಂಡ ಹಾಕಬೇಕಾದರೆ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಅನುಮೋದನೆ ಪಡೆದು ನೋಟಿಸ್ ಹಾಕಿರಬೇಕು, ನೌಕರರ ಮಾತು ಕೇಳಬೇಕು, ತಿಂಗಳ ವೇತನದ 3% ದಾಟಬಾರದು. ದಂಡದ ದುಡ್ಡು ಮಾಲೀಕರ ಗಲ್ಲಾಪೆಟ್ಟಿಗೆಗೆ ಹೋಗುವಂತಿಲ್ಲ, ನೌಕರರ ಹಿತಕ್ಕೇ ಖರ್ಚಾಗಬೇಕು. ಕಳೆದ ಸೀರೆಯ ವಿಷಯದಲ್ಲೂ ಹಾಗೆಯೇ. ಆ ವಸ್ತು ಆ ನೌಕರಳ ವಶಕ್ಕೇ ಕೊಟ್ಟಿದ್ದು, ಅವಳ ನಿರ್ಲಕ್ಷ್ಯದಿಂದಲೇ ಹೋಯಿತು ಎಂದು ತೋರಿಸಬೇಕು. ಅವಳಿಗೆ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು. ಮೂವರಿಗೂ ಸಮನಾಗಿ ಹಂಚಿ ಹಿಡಿದಿದ್ದಾರೆ ಎಂದರೆ ಯಾರ ತಪ್ಪು ಎಂದು ಅವರಿಗೇ ಗೊತ್ತಿಲ್ಲ ಎಂದಾಯಿತು.

ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಮಾಡಬೇಕು. ನೋಟಿಸ್ ಷರತ್ತು ಎಲ್ಲಿ ಬರೆದಿದೆ ಎಂದು ಕೇಳಿ. ಆರ್ಡರ್ ಕಾಪಿಯನ್ನೇ ಕೊಡದವರು ಷರತ್ತು ಎಲ್ಲಿಂದ ತೋರಿಸುತ್ತಾರೆ?

ಪೇಟೆ ವ್ಯಾಪಾರಿ:
ಎಲ್ಲರೂ ಒಂದೇ ಕಡೆ ಮಾತಾಡ್ತಿದೀರಿ. ನಾನೂ ಚಿಕ್ಕ ಅಂಗಡಿ ಇಟ್ಟವನು, ಏಳು ಜನ ಕೆಲಸಕ್ಕಿದ್ದಾರೆ. ಬಾಡಿಗೆ, ಕರೆಂಟು, ಜಿಎಸ್‌ಟಿ, ಮೇಲೆ ಆನ್‌ಲೈನ್‌ನವರ ಹೊಡೆತ. ದೀಪಾವಳಿ ಹಿಂದಿನ ವಾರ ಅಡ್ವಾನ್ಸ್ ಇಸ್ಕೊಂಡು ಫೋನ್ ಸ್ವಿಚ್ ಆಫ್ ಮಾಡಿ ಹೋದವರಿದ್ದಾರೆ. ಆವಾಗ ನಮ್ಮ ನಷ್ಟ ಯಾರು ಕೊಡ್ತಾರೆ? ಅದಕ್ಕೇ ಕೆಲವರು ಒಂದು ತಿಂಗಳ ಸಂಬಳ ಹಿಡ್ಕೊಂಡು ಇರ್ತಾರೆ. ಕಾನೂನು ಹೇಳಿದಷ್ಟು ಸಂಬಳ ಕೊಟ್ರೆ ಸಣ್ಣವರೆಲ್ಲ ಬಾಗಿಲು ಹಾಕಬೇಕಾಗುತ್ತೆ.

ಬೊಮ್ಮನಹಳ್ಳಿ ಟೈಲರ್:
ಅಣ್ಣಾ, ಬಾಡಿಗೆ ಕಮ್ಮಿ ಕೊಡ್ತೀನಿ ಅಂದ್ರೆ ಬಿಲ್ಡಿಂಗ್ ಓನರ್ ಒಪ್ತಾನಾ? ಕರೆಂಟ್ ಬಿಲ್ ಅರ್ಧ ಕಟ್ತೀನಿ ಅಂದ್ರೆ ಬೆಸ್ಕಾಂನೋರು ಬಿಡ್ತಾರಾ? ಎಲ್ಲರಿಗೂ ಪೂರ್ತಿ ಕೊಟ್ಟು ಉಳಿದಿದ್ದರಲ್ಲಿ ಹುಡುಗೀರ ಸಂಬಳ ಅಂದ್ರೆ ಯಾವ ನ್ಯಾಯ?

ಲಾ ಓದ್ತಿರೋನು:
@ಪೇಟೆ ವ್ಯಾಪಾರಿ ಕೊಟ್ಟ ಅಡ್ವಾನ್ಸ್ ಸಂಬಳದಲ್ಲಿ ಹಿಡಿಯೋಕೆ ಕಾನೂನೇ ಅವಕಾಶ ಕೊಡುತ್ತೆ ಸರ್, ಒಟ್ಟು ಕಡಿತ 50% ದಾಟಬಾರದು ಅಷ್ಟೆ. ಅಡ್ವಾನ್ಸ್‌ಗೆ ಒಂದು ಸಹಿ ಹಾಕಿಸಿಕೊಳ್ಳಿ, ನಿಮಗೂ ರಕ್ಷಣೆ. ಯಾರೋ ಓಡಿಹೋದರು ಅಂತ ಓಡದವರ ಸಂಬಳ ಹಿಡಿದಿಡೋಕೆ ಆಗಲ್ಲ. ಇನ್ನು "ಕೊಡೋಕೆ ಶಕ್ತಿ ಇಲ್ಲ" ಅನ್ನೋದಕ್ಕೆ ಸುಪ್ರೀಂ ಕೋರ್ಟ್ 1950ರ ದಶಕದಲ್ಲೇ, ಕ್ರೌನ್ ಅಲ್ಯುಮಿನಿಯಂ ಕೇಸಿನಲ್ಲಿ ಉತ್ತರ ಕೊಟ್ಟಿದೆ. ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲ ಅಂತ.

ಪೇಟೆ ವ್ಯಾಪಾರಿ:
ಸಹಿ ವಿಷಯ ಸರಿ, ಮಾಡಿಸ್ತೀನಿ. ಆದ್ರೆ ಕೋರ್ಟ್ ಮಾತು ಹೇಳೋದು ಸುಲಭ ತಮ್ಮಾ. ದೊಡ್ಡ ಮಾಲ್‌ಗೂ ನನಗೂ ಒಂದೇ ಅಳತೆ ಇಟ್ರೆ ನಾನು ಹೆಂಗೆ ಉಳೀಲಿ, ಅದನ್ನೂ ಯೋಚನೆ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳ್ಳೋದು ಮಾತ್ರ ತಪ್ಪು. ನಾನು ಯಾವತ್ತೂ ಇಸ್ಕೊಂಡಿಲ್ಲ.

ಮಿಲ್ ಕಾರ್ಮಿಕನ ಮಗ:
ದಾವಣಗೆರೆ ಅಂದ್ರಲ್ಲ, ಅದಕ್ಕೇ ಬರೀತಿದೀನಿ. ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದೋರು. ಆಗ ಮಿಲ್ ಸೈರನ್ನಿಗೆ ಊರು ಏಳೋದು. ಕಾರ್ಮಿಕ ಮುಖಂಡ ಪಂಪಾಪತಿಯವರು ಇಲ್ಲಿ ಶಾಸಕರಾಗಿದ್ದ ಕಾಲ. ಬೋನಸ್ ತಡ ಆದ್ರೆ ಗೇಟ್ ಮುಂದೆ ಜನ ಸೇರ್ತಿದ್ರು, ಲೆಕ್ಕ ಕೇಳ್ತಿದ್ರು. ಮಿಲ್ಲುಗಳು ಮುಚ್ಚಿದವು, ಆ ಮನೆಗಳ ಹೆಣ್ಣುಮಕ್ಕಳು ಮೊಮ್ಮಕ್ಕಳೇ ಈಗ ಶೋರೂಮು, ಅಂಗಡಿಗಳಲ್ಲಿ ನಿಂತಿರೋದು. ಸಾವಿರ ಜನ ಒಂದೇ ಗೇಟಲ್ಲಿ ಹೋಗ್ತಿದ್ದ ಕಡೆ ಸಂಘ ಕಟ್ಟೋದು ಬೇರೆ, ಹತ್ತು ಜನರ ಅಂಗಡೀಲಿ ಒಬ್ಬಳೇ ಬಾಯಿ ತೆಗೆಯೋದು ಬೇರೆ. ನಿಮ್ಮಪ್ಪನ ಹೆದರಿಕೆ ನಂಗೆ ಅರ್ಥ ಆಗುತ್ತೆ ತಂಗಿ. ಆದ್ರೂ ಕೇಳಿ.

ಮಳೆನಾಡು:
ಒಂದು ಅನುಮಾನ. ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಈ ಹಳೇ ಕಾಯ್ದೆಗಳೆಲ್ಲ ರದ್ದಾಯ್ತಲ್ಲ? ನೀವೆಲ್ಲ ಯಾವುದನ್ನ ಹೇಳ್ತಿದೀರಿ?

ನಿವೃತ್ತ ನಿರೀಕ್ಷಕ:
ಒಳ್ಳೆಯ ಪ್ರಶ್ನೆ. ಹಳೆಯ ಕೇಂದ್ರ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಸಂಹಿತೆಗಳು (ಲೇಬರ್ ಕೋಡ್) 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ, 1976ರ ಸಮಾನ ಸಂಭಾವನೆ ಕಾಯ್ದೆ ಈ ನಾಲ್ಕೂ ವೇತನ ಸಂಹಿತೆಯೊಳಗೆ ಸೇರಿವೆ. ನಾನು ಮೇಲೆ ಹೇಳಿದ ಕಡಿತದ ನಿಯಮ, ಎರಡು ದಿನದ ಚುಕ್ತಾ ನಿಯಮ ಆ ಸಂಹಿತೆಯಲ್ಲಿರುವುದೇ. ಕೆಲಸದ ಗಂಟೆ, ಬಿಡುವು, ರಜೆ ಹೇಳುವ ಅಂಗಡಿ ಕಾಯ್ದೆ ರಾಜ್ಯದ್ದು, ಅದು ಹಾಗೇ ಇದೆ.

ಸಂಹಿತೆಯಲ್ಲಿ ನೌಕರರಿಗೆ ಅನುಕೂಲವಾದ ಮೂರು ಅಂಶಗಳಿವೆ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಬಾಕಿ ಕೇಳಲು 6 ತಿಂಗಳ ಗಡುವಿತ್ತು, ಈಗ 3 ವರ್ಷ. ವೇತನ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಭಾರ ಮಾಲೀಕರ ಮೇಲೇ ಇದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ವೇತನ ಬಾಕಿಯ ಕ್ಲೇಮು ವಿಚಾರಿಸುವ ಪ್ರಾಧಿಕಾರಕ್ಕಿದೆ. ಸಂಹಿತೆಗೆ ಮುಂಚಿನ ತಿಂಗಳುಗಳ ಬಗ್ಗೆ ಎದುರು ವಕೀಲರು ಗಡುವಿನ ತಕರಾರು ತೆಗೆಯಬಹುದು. ಅದಕ್ಕೇ ಅರ್ಜಿ ತಡ ಮಾಡಬೇಡಿ.

ಬೊಮ್ಮನಹಳ್ಳಿ ಟೈಲರ್:
ಸಂಹಿತೆ ಬಗ್ಗೆ ನಮ್ಮ ಯೂನಿಯನ್ ಅಕ್ಕಂದಿರಿಗೆ ಬೇರೆ ಸಿಟ್ಟುಗಳಿವೆ, ಅದು ಇನ್ನೊಂದು ದಿನಕ್ಕಿರಲಿ. ಕೆಲಸದ ಹೊತ್ತನ್ನ ಹಿಗ್ಗಿಸೋ ಆಟ ಮಾತ್ರ ನಿಂತಿಲ್ಲ. 2020ರ ಮೇನಲ್ಲಿ ಕೊರೊನಾ ನೆಪದಲ್ಲಿ ಫ್ಯಾಕ್ಟರಿಗೆ ದಿನಕ್ಕೆ 10 ಗಂಟೆ ಅಂದ್ರು, ಗಲಾಟೆ ಆದ ಮೇಲೆ ಜೂನ್‌ನಲ್ಲಿ ವಾಪಸ್ ತಗೊಂಡ್ರು. 2023ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದಾರಿ ಮಾಡಿದ್ರು, ಮೂರು ತಿಂಗಳ ಓಟಿ ಮಿತೀನ 75 ಗಂಟೆಯಿಂದ 144ಕ್ಕೆ ಏರಿಸಿದ್ರು. ವಾರಕ್ಕೆ 48 ಅಂತ ಕಾಗದದಲ್ಲಿದೆ ನಿಜ. ಮನೇಲಿ ಮಗು ಇರೋ ಹೆಂಗಸಿಗೆ 12 ಗಂಟೆ ಲೈನಲ್ಲಿ ಕೂತು ಬಂದು ಅಡುಗೆ ಮಾಡು ಅಂದ್ರೆ ಮಲಗೋದು ಯಾವಾಗ?

ದನಿ ಎತ್ತಿದ್ರೆ ಏನೂ ಆಗಲ್ಲ ಅನ್ನೋರಿಗೆ 2016ರ ಏಪ್ರಿಲ್ ನೆನಪಿಸ್ತೀನಿ. ಪಿಎಫ್ ದುಡ್ಡಲ್ಲಿ ಮಾಲೀಕರ ಪಾಲನ್ನ 58 ವರ್ಷ ಆಗೋವರೆಗೆ ತೆಗೆಯಂಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸಲ್ಲಿ ನಲವತ್ತಕ್ಕೇ ಕಣ್ಣು ಸೊಂಟ ಹೋಗಿರುತ್ತೆ, 58ಕ್ಕೆ ಯಾರಿರ್ತಾರೆ? ಯಾವ ಲೀಡರೂ ಕರೀಲಿಲ್ಲ. ಮಷಿನ್ ಆಫ್ ಮಾಡಿ ಹೊಸೂರು ರೋಡಿಗೆ ಬಂದ್ವಿ. ಲಾಠಿ ಏಟು ಬಿತ್ತು, ಕೇಸೂ ಬಿತ್ತು. ಎರಡನೇ ದಿನಕ್ಕೆ ಡೆಲ್ಲಿಯೋರು ನಿಯಮ ವಾಪಸ್ ತಗೊಂಡ್ರು. ದೇಶದ ಎಲ್ಲ ಪಿಎಫ್‌ದಾರರಿಗೂ ಅದರ ಲಾಭ ಸಿಕ್ತು, ಆಫೀಸಲ್ಲಿ ಕೂತೋರಿಗೂ.

ಅಕೌಂಟ್ಸ್ ಮೇಷ್ಟ್ರು:
ನಿಜ ಅಕ್ಕ. ನಮ್ಮಂಥವರಿಗೆ ಅದರ ಋಣ ಇದೆ.

ಮೈಸೂರು ಡೆಲಿವರಿ:
ನಮ್ಮಂಥ ಗಾಡಿ ಓಡಿಸೋರಿಗೆ ಇದ್ಯಾವುದೂ ಇಲ್ವಾ? ನಮ್ಮನ್ನ ಪಾರ್ಟ್ನರ್ ಅಂತಾರೆ. ಸಂಬಳ ಅನ್ನೋದೇ ಇಲ್ಲ, ಆರ್ಡರ್ ಲೆಕ್ಕ.

ಲಾ ಓದ್ತಿರೋನು:
@ಮೈಸೂರು ಡೆಲಿವರಿ ರಾಜ್ಯದಲ್ಲಿ 2025ರಲ್ಲಿ ನಿಮ್ಮಂಥ ಗಿಗ್ ಕಾರ್ಮಿಕರಿಗೆ ಅಂತಲೇ ಕಾಯ್ದೆ ಬಂದಿದೆ. ಮಂಡಳಿ, ನೋಂದಣಿ, ಪ್ರತಿ ವ್ಯವಹಾರದ ಮೇಲೆ ಕಂಪನಿಯಿಂದ 1ರಿಂದ 5% ಕಲ್ಯಾಣ ಶುಲ್ಕ ಇದೆ. ಕಾರಣ ಹೇಳದೆ ಐಡಿ ಬ್ಲಾಕ್ ಮಾಡೋಕೂ ಕಡಿವಾಣ ಇದೆ. ಆದ್ರೆ ಕನಿಷ್ಠ ವೇತನದ ಹಕ್ಕು ಅದರಲ್ಲಿ ಬಂದಿಲ್ಲ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೀತೀನಿ.

ಬೆಣ್ಣೆದೋಸೆ ಊರಿನವಳು:
ಇಷ್ಟು ಜನ ಬರೆದಿದ್ದಕ್ಕೆ ತುಂಬಾ ಧನ್ಯವಾದ. ತಂಗಿಗೆ ಎಲ್ಲ ಓದಿ ಹೇಳಿದೆ. ಅವಳ ಚಿಂತೆ ಒಂದೇ: ಅಲ್ಲಿ ಕೆಲಸ ಮಾಡಿದ್ದಕ್ಕೆ ಕಾಗದವೇ ಇಲ್ಲ, "ಇವಳು ಯಾರೋ ಗೊತ್ತಿಲ್ಲ" ಅಂದುಬಿಟ್ರೆ?

ನಿವೃತ್ತ ನಿರೀಕ್ಷಕ:
ಕಾಗದ ಇಲ್ಲದ ಕೇಸುಗಳೇ ಹೆಚ್ಚು ಬರುವುದು, ಹೆದರಬೇಡಿ. ಅಂಗಡಿಯ ವಾಟ್ಸಾಪ್ ಗುಂಪಿನಲ್ಲಿ "ನಾಳೆ ಎಲ್ಲರೂ 9ಕ್ಕೆ ಬನ್ನಿ" ಎಂಬಂಥ ಸಂದೇಶ ಇರುತ್ತದೆ, ಗುಂಪಿನಿಂದ ತೆಗೆಯುವ ಮೊದಲೇ ತೆಗೆದಿಟ್ಟುಕೊಳ್ಳಿ. ಆಯುಧ ಪೂಜೆಯ ದಿನ ಅಂಗಡಿಯಲ್ಲಿ ತೆಗೆದ ಫೋಟೊ, ಯೂನಿಫಾರ್ಮು, ಗುರುತಿನ ಚೀಟಿ, ಅವಳ ಕೈಬರಹ ಇರುವ ಬಿಲ್ಲು, ಮಾಲೀಕರ ಜೊತೆಗಿನ ಕರೆಗಳ ಪಟ್ಟಿ ಎಲ್ಲವೂ ಸಾಕ್ಷ್ಯ. ಜೊತೆಗೆ ಕೆಲಸ ಮಾಡಿದವರು ಒಬ್ಬರು ಹೇಳಿಕೆ ಕೊಟ್ಟರೆ ಇನ್ನೂ ಗಟ್ಟಿ. ಆ ಮಾರ್ಕ್ಸ್ ಕಾರ್ಡ್ ಅವರ ಬಳಿ ಇರುವುದೇ ದೊಡ್ಡ ಸಾಕ್ಷ್ಯ. ಕೆಲಸಕ್ಕಿಲ್ಲದವಳ ಮಾರ್ಕ್ಸ್ ಕಾರ್ಡ್ ಅಂಗಡಿಯಲ್ಲಿ ಯಾಕಿರುತ್ತದೆ? ಅದನ್ನು ಇಟ್ಟುಕೊಳ್ಳುವ ಅಧಿಕಾರ ಯಾವ ಕಾಯ್ದೆಯೂ ಅವರಿಗೆ ಕೊಟ್ಟಿಲ್ಲ.

ಅರ್ಜಿ ಸರಳ ಕನ್ನಡದಲ್ಲಿ ಸಾಕು. ಯಾವಾಗ ಸೇರಿದಳು, ಯಾವಾಗ ಬಿಟ್ಟಳು, ದಿನದ ವೇಳೆ, ಕೊಟ್ಟ ಸಂಬಳ, ಕೊಡಬೇಕಿದ್ದ ಸಂಬಳ, ಹಿಡಿದ ದುಡ್ಡು ಯಾವ ತಿಂಗಳು ಎಷ್ಟು. ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಆಯಸ್ಸಿಲ್ಲ.

ಪೀಣ್ಯ ಹಳಬ:
ಸೀಲು ಹಾಕಿಸ್ಕೊಂಡ್ರೂ ಆಯಸ್ಸಿಲ್ಲ ಸರ್, ಕ್ಷಮಿಸಿ. ನಮ್ಮ ಫೈಲು ವರ್ಷಗಟ್ಟಲೆ ಮಲಗಿತ್ತು. ಇನ್‌ಸ್ಪೆಕ್ಟರ್ ಬಂದ್ರೆ ಮಾಲೀಕರ ರೂಮಲ್ಲಿ ಕಾಫಿ ಕುಡಿದು ಹೋಗ್ತಿದ್ರು, ನಮ್ಮ ಕಡೆ ತಿರುಗಿ ನೋಡ್ತಿರಲಿಲ್ಲ.

ನಿವೃತ್ತ ನಿರೀಕ್ಷಕ:
ಅಂಥವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಒಬ್ಬ ನಿರೀಕ್ಷಕನ ತಲೆ ಮೇಲೆ ನೂರಾರು ಅಂಗಡಿ, ಹತ್ತಾರು ಕಾಯ್ದೆ ಇರುತ್ತವೆ ಎಂಬುದೂ ನಿಜ. ಅದಕ್ಕೇ ತಪಾಸಣೆಗೆ ಕಾಯದೆ ನೇರವಾಗಿ ಪ್ರಾಧಿಕಾರದ ಮುಂದೆ ಕ್ಲೇಮು ಹಾಕಿ ಎನ್ನುವುದು. ಕ್ಲೇಮು ದಾಖಲಾದರೆ ನಂಬರು ಬೀಳುತ್ತದೆ, ವಾಯಿದೆ ಬರುತ್ತದೆ, ಮಾಲೀಕರು ಹಾಜರಾಗಲೇಬೇಕು.

ಕುಡ್ಲದವ:
ವಕೀಲರಿಗೆ ದುಡ್ಡು ಎಲ್ಲಿಂದ ಅಂತ ಯೋಚನೆ ಬೇಡ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗ್ತಾರೆ, ಆದಾಯದ ಮಿತಿಯೂ ಇಲ್ಲ. ಕೋರ್ಟ್ ಆವರಣದಲ್ಲೇ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯ್ತು.

ಹುಬ್ಬಳ್ಳಿ ಮಂದಿ:
ನವೆಂಬರ್ ಒಂದನೇ ತಾರೀಖಿಗೂ ಅಂಗಡಿ ತೆಗದಿರ್ತಾರ್ರಿ. ಬಾಗಲಕ್ಕ ಕೆಂಪು ಹಳದಿ ಬಾವುಟ ಕಟ್ಟಿ, ಒಳಗ ಹುಡಿಗ್ಯಾರನ್ನ ದುಡಸ್ತಾರ. ಅದು ಸಂಬಳ ಸಹಿತ ರಜಾ ಅಲ್ಲೇನು?

ಲಾ ಓದ್ತಿರೋನು:
ಹೌದು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಅಂತ 1963ರದ್ದು ನಮ್ಮ ರಾಜ್ಯದಲ್ಲಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ. ಆ ದಿನ ಕೆಲಸ ಮಾಡಿಸಿದ್ರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆಗೆ ಬದಲಿ ರಜೆ. ಕ್ಲೇಮಿನಲ್ಲಿ ಇದನ್ನೂ ಸೇರಿಸಿ ಮೇಡಂ.

ಬೆಣ್ಣೆದೋಸೆ ಊರಿನವಳು:
ಒಂದು ಸುದ್ದಿ. ನಾನು, ತಂಗಿ ಇಬ್ಬರೂ ಹೋಗಿ ಅರ್ಜಿ ಕೊಟ್ಟು ಬಂದ್ವಿ. ಕಚೇರಿಯಿಂದ ಅಂಗಡಿಗೆ ನೋಟಿಸ್ ಹೋದ ಮೇಲೆ ಮ್ಯಾನೇಜರ್ ಮನೆ ಹತ್ರಾನೇ ಬಂದು ಮಾರ್ಕ್ಸ್ ಕಾರ್ಡ್ ಕೊಟ್ಟು ಹೋದರು. ಕೊನೇ ತಿಂಗಳ ಸಂಬಳ ಕೊಡ್ತೀವಿ, "ಎಲ್ಲ ಲೆಕ್ಕ ಮುಗೀತು" ಅಂತ ಬರೆದು ಸಹಿ ಹಾಕು ಅಂದ್ರು. ತಂಗಿ ಹಾಕಲಿಲ್ಲ. ಕೌಂಟರ್‌ನ ಇನ್ನೊಬ್ಬ ಹುಡುಗಿ ತಾನೂ ಅರ್ಜಿ ಕೊಡ್ತೀನಿ ಅಂತ ಫೋನ್ ಮಾಡಿದ್ದಳು.

ಬೊಮ್ಮನಹಳ್ಳಿ ಟೈಲರ್:
ಸಹಿ ಹಾಕದೇ ಇದ್ದಿದ್ದು ಬಹಳ ಒಳ್ಳೇದಾಯ್ತು ಕಣವ್ವ. ಆ ಹುಡುಗೀನೂ ಜೊತೆ ಸೇರಿಸ್ಕೊಳ್ಳಿ.

ನಿವೃತ್ತ ನಿರೀಕ್ಷಕ:
ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿ. ಆದರೆ ರಸೀದಿಯಲ್ಲಿ "ಇಂಥ ತಿಂಗಳ ಸಂಬಳ ಮಾತ್ರ, ಉಳಿದ ಬಾಕಿಯ ಹಕ್ಕು ಕಾಯ್ದಿರಿಸಿ" ಎಂದು ಅವಳ ಕೈಯಲ್ಲೇ ಬರೆಸಿ. ಸಾಧ್ಯವಾದರೆ ಬ್ಯಾಂಕ್ ಖಾತೆಗೆ ಹಾಕಲು ಹೇಳಿ.

ಗೇಟ್ ಡ್ಯೂಟಿ:
ಸರ್, ನಾನು ಸೆಕ್ಯುರಿಟಿ ಕೆಲಸದಲ್ಲಿದೀನಿ, ಒಂದು ಅಪಾರ್ಟ್‌ಮೆಂಟಿನಲ್ಲಿ. ಏಜೆನ್ಸಿಯೋನು ಸಂಬಳ ಕೊಟ್ಟಿಲ್ಲ, ಫೋನೂ ಎತ್ತಲ್ಲ. ಅಪಾರ್ಟ್‌ಮೆಂಟ್ ಸಂಘದೋರು "ನಾವು ಏಜೆನ್ಸಿಗೆ ಕೊಟ್ಟಾಯ್ತು, ನಮಗೆ ಸಂಬಂಧ ಇಲ್ಲ" ಅಂತಾರೆ. ನಾನು ಯಾರನ್ನ ಕೇಳ್ಲಿ?

ನಿವೃತ್ತ ನಿರೀಕ್ಷಕ:
ಇಬ್ಬರನ್ನೂ ಕೇಳಿ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಬಾಕಿಗೆ ಹೊಣೆ ಎಂದು ವೇತನ ಸಂಹಿತೆ ಹೇಳುತ್ತದೆ. ಸಂಘದವರು ಕೊಟ್ಟಿದ್ದನ್ನು ಆಮೇಲೆ ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರವರ ವ್ಯವಹಾರ. ಗೇಟಿನ ರಿಜಿಸ್ಟರ್‌ನಲ್ಲಿ ನಿಮ್ಮ ಸಹಿ ಇರುವ ಪುಟಗಳ ಫೋಟೊ ಇವತ್ತೇ ತೆಗೆದುಕೊಳ್ಳಿ. ಅರ್ಜಿಯಲ್ಲಿ ಏಜೆನ್ಸಿಯನ್ನು ಒಂದನೇ ಎದುರುದಾರ, ಅಪಾರ್ಟ್‌ಮೆಂಟ್ ಸಂಘವನ್ನು ಎರಡನೇ ಎದುರುದಾರ ಎಂದು ನಮೂದಿಸಿ.